ಆರು ತಂತಿಯ ಒಂದೇ ಏಟು

ಬ್ಯಾಗವಾಟದ ಶ್ರೀನಿವಾಸಾಚಾರ್ಯರಿಗೆ ಹೊಟ್ಟೆನೋವು ಬಂದ ಕತೆ ರಾಯಚೂರು ಸೀಮೆಯಲ್ಲಿ ದಾಸರ ಪದ ಕೇಳಿ ಬೆಳೆದವರಿಗೆ ಹೊಸದಲ್ಲ. ಹದಿನೆಂಟನೆಯ ಶತಮಾನದ ಮಾತು. ಆಚಾರ್ಯರು ಸಂಸ್ಕೃತದ ಘನ ಪಂಡಿತರು. ಅದೇ ಮಾನ್ವಿ ನೆಲದ ಚೀಕಲಪರ್ವಿಯಲ್ಲಿ ಹುಟ್ಟಿದ ವಿಜಯದಾಸರು ಅವರನ್ನು ಊಟಕ್ಕೆ ಕರೆದರು. ತಂಬೂರಿ ಹಿಡಿದು ಕನ್ನಡದಲ್ಲಿ ಹಾಡಿಕೊಂಡು ತಿರುಗುವವರ ಪಂಕ್ತಿಯಲ್ಲಿ ನಾನು ಕೂರುವುದೇ ಎಂದು ಆಚಾರ್ಯರಿಗೆ ಅನಿಸಿತು. ಹೊಟ್ಟೆನೋವೆಂದು ಹೇಳಿ ಕಳಿಸಿದರು. ನೆಪಕ್ಕೆ ಹೇಳಿದ ನೋವು ನಿಜವಾಗಿಯೇ ಬಂದು ಹಿಡಿಯಿತು. ಮಂತ್ರಾಲಯಕ್ಕೆ ಹೋದರು, ಸೇವೆ ಮಾಡಿದರು, ಕೊನೆಗೆ ತಿರುಗಿ ವಿಜಯದಾಸರ ಹತ್ತಿರವೇ ಬರಬೇಕಾಯಿತು. ವಿಜಯದಾಸರು ತಮ್ಮ ಶಿಷ್ಯ, ಮೊಸರಕಲ್ಲಿನ ಗೋಪಾಲದಾಸರ ಕಡೆ ಕೈ ತೋರಿಸಿದರು. ಗೋಪಾಲದಾಸರು ಜೋಳದ ರೊಟ್ಟಿ ಕೊಟ್ಟು, ತಮ್ಮ ಆಯುಷ್ಯದ 40 ವರ್ಷಗಳನ್ನೂ ಧಾರೆಯೆರೆದರಂತೆ. ಪಂಡಿತರು ಜಗನ್ನಾಥದಾಸರಾದರು. 1809ರವರೆಗೆ ಬದುಕಿ ಹಾಡಿದರು.

ಆಯುಷ್ಯ ದಾನದ ಪವಾಡವನ್ನು ನಂಬುವವರು ನಂಬಲಿ. ನನ್ನನ್ನು ಬಹುಕಾಲದಿಂದ ಕಾಡಿರುವುದು ಆ ಹೊಟ್ಟೆನೋವಿನ ನೆಪ. ಬಹಳ ಕಲಿತವನಿಗೆ, ಕಲಿಯದೆ ಹಾಡುವವನ ಪಕ್ಕ ಕೂರುವುದು ಯಾಕೆ ಅಷ್ಟು ಕಷ್ಟ? ಎದುರಿನವನು ತಪ್ಪು ಹಾಡಿದರೆ ನಕ್ಕು ಸುಮ್ಮನಾಗಬಹುದು. ಅವನ ಸುತ್ತ ಜನ ಸೇರಿದ್ದಾರೆ, ಅವನ ಪದ ಕೇಳಿ ಕಣ್ಣೊರೆಸಿಕೊಳ್ಳುತ್ತಿದ್ದಾರೆ ಎಂಬುದೇ ಸಹಿಸಲಾಗದ ಸಂಗತಿ. ಹಾಗಾದರೆ ನಾನು ವರ್ಷಗಟ್ಟಲೆ ಬಾಯಿಪಾಠ ಮಾಡಿದ್ದು ಎಲ್ಲಿಗೆ ಹೋಯಿತು? ಈ ಪ್ರಶ್ನೆ ಏಳುವ ಮೊದಲೇ ಹೊಟ್ಟೆ ಹಿಡಿದುಕೊಂಡು ಮಲಗಿಬಿಡುವುದು ಸುಲಭ.

ಇಂಗ್ಲೆಂಡಿನ ರಾಕ್ ಸಂಗೀತದಲ್ಲಿ 1970ರ ದಶಕದ ಮೊದಲರ್ಧದ ಹೊತ್ತಿಗೆ ಇಂಥ ಶ್ರೀನಿವಾಸಾಚಾರ್ಯರು ತುಂಬಿಕೊಂಡಿದ್ದರು. ಚಾಳಿನ ಹಿಂದಿನ ಗ್ಯಾರೇಜಿನಲ್ಲಿ ಹುಡುಗರು ಬಾರಿಸಿಕೊಂಡು ಹುಟ್ಟಿಸಿದ ಸಂಗೀತ ಅಷ್ಟರಲ್ಲಿ ಶಾಸ್ತ್ರವಾಗಿತ್ತು. ಯೆಸ್ ಎಂಬ ತಂಡದ 1972ರ 'ಕ್ಲೋಸ್ ಟು ದಿ ಎಡ್ಜ್' ಎಂಬ ಒಂದೇ ಹಾಡು ಎಲ್‌ಪಿ ತಟ್ಟೆಯ ಒಂದಿಡೀ ಬದಿಯನ್ನು ತುಂಬುತ್ತದೆ. ಒಬ್ಬೊಬ್ಬರ ಗಿಟಾರ್ ಆಲಾಪ ಮುಗಿಯುವುದರೊಳಗೆ ಚಹಾ ಕುಡಿದು ಬರಬಹುದಿತ್ತು. ಅದು ಕೆಟ್ಟ ಸಂಗೀತವೇನಲ್ಲ. ಅದರಲ್ಲಿ ಕೆಲವನ್ನು ನಾನು ಈಗಲೂ ಕೇಳುತ್ತೇನೆ. ಆದರೆ ಕೈಯಲ್ಲಿ ಹಣವಿಲ್ಲದ, ಗುರುವಿಲ್ಲದ ಒಬ್ಬ ಹುಡುಗನಿಗೆ ಅದು ಹೇಳುತ್ತಿದ್ದ ಮಾತು ಒಂದೇ: ನೀನು ದೂರ ನಿಂತು ಕೇಳು.

ಲಂಡನ್ನಿನ ಸುರಂಗ ರೈಲಿನ ನಿಲ್ದಾಣಗಳಲ್ಲಿ ಯುಕುಲೇಲಿ ಎಂಬ ಪುಟ್ಟ ನಾಲ್ಕು ತಂತಿಯ ವಾದ್ಯ ಬಾರಿಸಿ ಪುಡಿಗಾಸು ಎತ್ತುತ್ತಿದ್ದ ಜಾನ್ ಮೆಲ್ಲರ್ ಎಂಬವನು ಮುಂದೆ ಜೋ ಸ್ಟ್ರಮ್ಮರ್, ಅಂದರೆ ತಂತಿಗಳನ್ನೆಲ್ಲ ಒಟ್ಟಿಗೆ ಬಾರಿಸುವವನು, ಎಂದು ಹೆಸರಿಟ್ಟುಕೊಂಡ. ಗಿಟಾರಿನ ಆರೂ ತಂತಿಯನ್ನು ಒಟ್ಟಿಗೆ ಬಾರಿಸಬಲ್ಲೆ, ಇಲ್ಲವೆಂದರೆ ಒಂದನ್ನೂ ಬಾರಿಸಲಾರೆ; ಬಿಡಿಬಿಡಿಯಾಗಿ ಮೀಟಿ ರಾಗ ಕಟ್ಟುವುದು ನನ್ನಿಂದಾಗದು ಎಂಬುದೇ ಆ ಹೆಸರಿನ ಹಿಂದಿನ ಮಾತು. ನಮ್ಮ ದಾಸರಿಗೆ ಅಂಕಿತ ಕೊಡುವವರು ಗುರುಗಳು. ಇವನು ತನಗೆ ತಾನೇ ಕೊಟ್ಟುಕೊಂಡ. ಅದೂ ತನ್ನ ಕೈಲಾಗದ್ದನ್ನೇ ಹೆಸರಾಗಿ ಇಟ್ಟುಕೊಂಡ. ಬಿರುದು ಬಾವಲಿಗಳ ಸಂಗೀತ ಲೋಕದಲ್ಲಿ ಇದು ಅಪರೂಪ.

ಅವನು ಎಡಗೈಯವನು. ಆದರೂ ಬಲಗೈಯವರಂತೆ ಗಿಟಾರ್ ಹಿಡಿಯುತ್ತಿದ್ದ. ಅಂದರೆ ತಂತಿಯನ್ನು ಒತ್ತುವ ಕೆಲಸ ಚುರುಕಾದ ಕೈಗೆ, ಮೀಟುವ ಕೆಲಸ ಮೊಂಡು ಕೈಗೆ. ಆ ಮೊಂಡು ಬಲಗೈ ನಾಜೂಕಾಗಿ ಮೀಟಲಾರದೆ ಕೆಳಕ್ಕೂ ಮೇಲಕ್ಕೂ ಬೀಸುತ್ತಿತ್ತು. ಬೀಸುವ ರಭಸಕ್ಕೆ ತಂತಿ ಚರ್ಮ ಸೀಳದಿರಲೆಂದು ಮಣಿಕಟ್ಟಿಗೆ, ಮುಂಗೈಗೆ ಅಂಟುಪಟ್ಟಿ ಸುತ್ತಿಕೊಳ್ಳುತ್ತಿದ್ದ. ಅವನ ಜೊತೆಗಾರ ಪಾಲ್ ಸಿಮೊನನ್ ಮೂಲತಃ ಚಿತ್ರ ಬರೆಯುವವನು. ಬಾಸ್ ಗಿಟಾರ್ ಕೈಗೆ ಬಂದಾಗ ಯಾವ ಸ್ವರ ಎಲ್ಲಿದೆ ಎಂದು ತಿಳಿಯದೆ ಅದರ ಕುತ್ತಿಗೆಯ ಮೇಲೆ ಸ್ವರಾಕ್ಷರಗಳನ್ನೇ ಬರೆದುಕೊಂಡಿದ್ದ. 1976ರ ಏಪ್ರಿಲ್ 3ರಂದು ಸ್ಟ್ರಮ್ಮರ್ ಹಾಡುತ್ತಿದ್ದ ಹಳೆಯ ತಂಡದ ಕಚೇರಿಗೆ ಮೊದಲು ಸೆಕ್ಸ್ ಪಿಸ್ಟಲ್ಸ್ ಎಂಬ ಹುಡುಗರು ಬಾರಿಸಿದರು. ಅವರನ್ನು ಕೇಳಿದ ಮೇಲೆ, ನಮ್ಮ ಕಾಲ ಮುಗಿಯಿತು ಎಂದು ಅವನಿಗೆ ಅನಿಸಿತು. ಕೆಲವೇ ವಾರಗಳಲ್ಲಿ ಆ ತಂಡ ಬಿಟ್ಟು ಮಿಕ್ ಜೋನ್ಸ್, ಸಿಮೊನನ್ ಜೊತೆ ಸೇರಿ 'ದಿ ಕ್ಲ್ಯಾಶ್' ಕಟ್ಟಿದ. ಮೂರು ಕಾರ್ಡ್, ಅಂದರೆ ಸ್ವರಗುಚ್ಛ, ಕಲಿತರೆ ಸಾಕು, ತಂಡ ಕಟ್ಟಿ ಎಂಬುದು ಪಂಕ್ ಎಂಬ ಈ ಹೊಸ ಒರಟು ಸಂಗೀತದ ಹುಡುಗರ ಘೋಷವಾಯಿತು.

ಈಗ ನಮ್ಮ ಕಡೆಯ ಏಕತಾರಿಯನ್ನು ನೋಡಿ. ಒಂದು ಸೋರೆ ಬುರುಡೆ, ಒಂದು ಬಿದಿರು, ಒಂದು ತಂತಿ. ಆ ತಂತಿಯ ಮೇಲೆ ಬೆರಳೊತ್ತಿ ಸ್ವರ ಬದಲಿಸುವ ಏರ್ಪಾಡೇ ಇಲ್ಲ. ತಂಬೂರಿಗೆ ನಾಲ್ಕು ತಂತಿ ಇದ್ದರೂ ಅದರ ಮೇಲೆ ಯಾರೂ ರಾಗ ನುಡಿಸುವುದಿಲ್ಲ. ಎರಡೂ ಶ್ರುತಿ ಹಿಡಿದು ನಿಲ್ಲುವ ವಾದ್ಯಗಳು. ನುಡಿಸುವವನು ಜಾಣ್ಮೆ ತೋರಿಸಬೇಕೆಂದರೂ ಅಲ್ಲಿ ಜಾಗವಿಲ್ಲ. ಹೀಗಾಗಿ ಕಿವಿ ಬೇರೆ ದಾರಿಯಿಲ್ಲದೆ ಮಾತಿನ ಕಡೆ ಹೋಗುತ್ತದೆ. ಸ್ಟ್ರಮ್ಮರ್‌ನ ಆರು ತಂತಿಯ ಏಟೂ ಮಾಡಿದ್ದು ಇದನ್ನೇ ಅನಿಸುತ್ತದೆ ನನಗೆ. ಅವನ ತಂಡದಲ್ಲಿ ಬೆರಳ ಕುಶಲತೆಯ ಕೆಲಸವನ್ನು ಮಿಕ್ ಜೋನ್ಸ್ ನೋಡಿಕೊಳ್ಳುತ್ತಿದ್ದ. ಇವನ ಗಿಟಾರ್ ಒಂದೇ ಸಮ ಗರಗಸದಂತೆ ಎಳೆಯುತ್ತ, ಬಾಯಲ್ಲಿ ಬರುವ ಮಾತಿಗೆ ನೆಲವಾಗುತ್ತಿತ್ತು. ನಿರುದ್ಯೋಗ, ಪೊಲೀಸು, ಜನಾಂಗದ್ವೇಷ, ದೂರದ ನಿಕರಾಗುವಾದ ಕ್ರಾಂತಿ ಎಲ್ಲವೂ ಆ ಮಾತಿನಲ್ಲಿದ್ದವು.

ರಾಯಚೂರು ಸೀಮೆಯ ಬಳಗಾನೂರು ಇಂಥ ವಿಚಾರವನ್ನು ಕೂತು ಯೋಚಿಸಲು ಒಳ್ಳೆಯ ಊರು. ಒಂದು ಕಡೆ ಜಗನ್ನಾಥದಾಸರ ಮಾನ್ವಿ. ಇನ್ನೊಂದು ಕಡೆ ಅವರ ಶಿಷ್ಯ ಪ್ರಾಣೇಶದಾಸರ ಲಿಂಗಸುಗೂರು. ಅದೇ ತಾಲೂಕಿನ ಮುದಗಲ್ಲಿನಲ್ಲಿ ಮೊಹರಂ. ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತ ಕರ್ಬಲಾದ ಕತೆಯನ್ನು ಅಚ್ಚ ಕನ್ನಡದ ರಿವಾಯತ್ ಪದಗಳಲ್ಲಿ ಹಾಡುವವರಲ್ಲಿ ಯಾರು ಮುಸಲ್ಮಾನರು, ಯಾರು ಅಲ್ಲ ಎಂದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಈ ಸೀಮೆಯ ಜೋಳದ ಹೊಲಗಳು ಬತ್ತದ ಗದ್ದೆಗಳಾದವು, ವಲಸಿಗರ ಕ್ಯಾಂಪುಗಳೆದ್ದವು, ಹಣ ಬಂತು. ಭಜನೆ ಮಾತ್ರ ಅಮಾವಾಸ್ಯೆಗೋ ಶ್ರಾವಣಕ್ಕೋ ಅಂಟಿಕೊಂಡೇ ಉಳಿಯಿತು. ಗುಡಿ ಕಟ್ಟೆಯ ಮೇಲೆ ಪೇಟಿ, ದಮ್ಮಡಿ, ತಾಳ, ಏಕತಾರಿ ಇಟ್ಟುಕೊಂಡು ಕೂತ ಮೇಳದ ಪಕ್ಕ ಒಬ್ಬ ಹುಡುಗ ಸುಮ್ಮನೆ ನಿಂತರೆ ಸಾಕು, ಹಿರಿಯರೊಬ್ಬರು ಕರೆಯುತ್ತಾರೆ.

"ಯಾಕ ನಿಂತೀದಿ ತಮ್ಮಾ, ಬಾ ಕುಂದ್ರು. ತಾಳ ಹಿಡಿ."

"ನಂಗ ಬರಲ್ರಿ ತಾತ."

"ಬರದಿದ್ರ ಏನಾತು? ಹಿಂದ ಅನಕಂತ ಹೋಗು, ತಾನ ಬರತೈತಿ."

ಇದಕ್ಕಿಂತ ಒಳ್ಳೆಯ ಪಂಕ್ ಪ್ರಣಾಳಿಕೆ ಲಂಡನ್ನಿನಲ್ಲೂ ಬಂದಿರಲಾರದು. ಆದರೆ ಇಲ್ಲೇ ಒಂದು ತೊಡಕಿದೆ. ಬರದವನನ್ನು ಕೂರಿಸಿಕೊಳ್ಳುವ ಆ ತಾತನಿಗೆ ನೂರಾರು ಪದ ನಾಲಿಗೆ ತುದಿಯಲ್ಲಿವೆ. ತತ್ವಪದಕಾರ ಕಡಕೋಳ ಮಡಿವಾಳಪ್ಪನ ಪದ ಎತ್ತಿಕೊಂಡರೆ ಬೆಡಗಿನ ಗಂಟನ್ನು ಅವನು ಮಾತ್ರ ಬಿಚ್ಚಿ ಹೇಳಬಲ್ಲ. ಅವನು ಯಾವ ಸಂಗೀತ ಶಾಲೆಗೂ ಹೋಗಿಲ್ಲ, ಸ್ವರಲಿಪಿ ಕಂಡಿಲ್ಲ. ಹಾಗೆಂದು ಅವನನ್ನು ಕಲಿಯದವನು ಎನ್ನುವುದು ಹೇಗೆ? ಕಲಿಯದವರು ಎಂಬ ಗುಂಪನ್ನು ಕಟ್ಟಿದವರು ಬೇರೊಂದು ಕಡೆ ಕಲಿತವರು. ಸ್ಟ್ರಮ್ಮರ್‌ನ ಮುಂಗೈಗೆ ಸುತ್ತಿದ ಅಂಟುಪಟ್ಟಿಯೂ ಒಂದು ಬಗೆಯ ವಿದ್ಯೆಯ ಗುರುತೇ. ಗಂಟೆಗಟ್ಟಲೆ, ರಾತ್ರಿ ಮೇಲೆ ರಾತ್ರಿ, ಒಂದೇ ವೇಗದಲ್ಲಿ ತೋಳು ಬೀಸುವುದು ಬರದವನ ಕೆಲಸವಲ್ಲ. ಹಲಗೆ ಬಾರಿಸುವುದಕ್ಕೆ ಏನು ಮಹಾ ಅಭ್ಯಾಸ ಬೇಕು ಎನ್ನುವವರು ಒಮ್ಮೆ ಅದನ್ನು ಬೆಂಕಿಗೆ ಹಿಡಿದು ಕಾಸಿ, ಹದ ನೋಡಿ, ಮೆರವಣಿಗೆಯುದ್ದಕ್ಕೂ ಬಾರಿಸಿ ನೋಡಬೇಕು.

ಹಲಗೆಯ ಮಾತು ಬಂತು. ಪಂಕ್ ಎಂದಾಗ ನಾವು ಲಂಡನ್ ಕಡೆ ನೋಡುತ್ತೇವೆ; ಅದೇ ಹೊತ್ತಿಗೆ ಕನ್ನಡದಲ್ಲಿ ಏನಾಗುತ್ತಿತ್ತೆಂದು ನೆನೆಯುವುದಿಲ್ಲ. ಸೆಕ್ಸ್ ಪಿಸ್ಟಲ್ಸ್ ಮೊದಲ ಬಾರಿ ವೇದಿಕೆ ಹತ್ತಿದ್ದು 1975ರ ನವೆಂಬರಿನಲ್ಲಿ. ದಲಿತ ಕವಿ ಸಿದ್ದಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಪ್ರಕಟವಾದದ್ದು ಅದೇ 1975ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದದ್ದಕ್ಕೆ ರಾಜ್ಯವೆಲ್ಲ ಹೊತ್ತಿ ಉರಿದು, ಅವರು ಕುರ್ಚಿ ಬಿಡಬೇಕಾಗಿತ್ತು. ನಯ ನಾಜೂಕಿನ ನವ್ಯ ಕಾವ್ಯ ಓದುತ್ತಿದ್ದವರ ಮುಂದೆ ಸಿದ್ದಲಿಂಗಯ್ಯ ಬೈಗುಳವನ್ನೂ ಕೂಗನ್ನೂ ಛಂದಸ್ಸಿನೊಳಗೆ ತಂದರು. ಆ ಪದ್ಯಗಳು ಪುಸ್ತಕದಲ್ಲಿ ಕೂರಲಿಲ್ಲ. ದಲಿತ ಸಂಘರ್ಷ ಸಮಿತಿಯ ಸಭೆಗಳಲ್ಲಿ ತಮಟೆ ಹಲಗೆಯ ಜೊತೆ ಹಾಡಾಗಿ ಹಳ್ಳಿ ಹಳ್ಳಿ ತಿರುಗಿದವು. ಅಲ್ಲಿಯೂ ಕಾವ್ಯಮೀಮಾಂಸೆಯ ಹೊಟ್ಟೆನೋವು ಹಲವರಿಗೆ ಬಂತು. ಇದು ಕಾವ್ಯವೇ, ಘೋಷಣೆಯೇ ಎಂದು ಕೇಳಿದರು. ಲಂಡನ್ನಿನ ಪತ್ರಿಕೆಗಳಲ್ಲಿ ಇದು ಸಂಗೀತವೇ, ಗದ್ದಲವೇ ಎಂದು ಕೇಳಿದ ಹಾಗೆ.

ಎರಡನ್ನೂ ಒಂದೇ ಎಂದು ಕಟ್ಟಿಹಾಕುವ ಆಸೆ ನನಗಿಲ್ಲ. ವ್ಯತ್ಯಾಸ ದೊಡ್ಡದು. ಸ್ಟ್ರಮ್ಮರ್ ಬಡವರ ಹುಡುಗನಲ್ಲ. ಅಪ್ಪ ಬ್ರಿಟಿಷ್ ವಿದೇಶಾಂಗ ಸೇವೆಯಲ್ಲಿದ್ದವನು. ಅಪ್ಪ ಹುಟ್ಟಿದ್ದು ನಮ್ಮ ಲಖನೌದಲ್ಲಿ. ಮಗ ಹುಟ್ಟಿದ್ದು 1952ರಲ್ಲಿ ತುರ್ಕಿಯ ಅಂಕಾರಾದಲ್ಲಿ. ಕೈರೋ, ಮೆಕ್ಸಿಕೊ, ಬಾನ್ ತಿರುಗಿ, ಇಂಗ್ಲೆಂಡಿನ ವಸತಿ ಶಾಲೆಯಲ್ಲಿ ಓದಿದ. ಬೀದಿಯ ಮಕ್ಕಳ ದನಿಯಲ್ಲಿ ಹಾಡುವ ಹಕ್ಕು ನಿನಗೆಲ್ಲಿಯದು ಎಂದು ಅವನನ್ನು ಆಗಲೇ ಕೆಣಕಿದವರಿದ್ದರು. ಜಗನ್ನಾಥದಾಸರನ್ನೂ ಹಾಗೆ ಕೇಳಬಹುದಿತ್ತು. ಮೇಲಿನಿಂದ ಇಳಿದು ಬಂದವನಿಗೆ ಇಳಿಯುವುದೇ ಒಂದು ಸಾಧನೆ, ಹೇಳಿಕೊಳ್ಳಲು ಕತೆಯಾಗುತ್ತದೆ. ಕೆಳಗೇ ಇದ್ದವನಿಗೆ ಇಳಿಯುವ ಕತೆ ಇಲ್ಲ. ಆಚಾರ್ಯರು ಮುಖ ತಿರುಗಿಸಿದ ಆ ಪಂಕ್ತಿಗೆ ಆ ಕಾಲದ ಮಾನ್ವಿಯಲ್ಲಿ ಹೊಲಗೇರಿಯಿಂದ ಯಾರನ್ನೂ ಕರೆದಿರಲಾರರು. ವಿದ್ಯೆಯ ಬಾಗಿಲಿಗಿಂತ ಹುಟ್ಟಿನ ಬಾಗಿಲಿನ ಅಗಳಿ ಗಟ್ಟಿ. ಸಿದ್ದಲಿಂಗಯ್ಯ ಗುದ್ದಿದ್ದು ಆ ಎರಡನೆಯ ಬಾಗಿಲನ್ನು. ಅದಕ್ಕೇ ಅವರ ಏಟಿನ ಸದ್ದೂ ಬೇರೆ. ಬಳಗಾನೂರಿನ ತಾತ "ಬಾ ಕುಂದ್ರು" ಎಂದು ಯಾರು ಯಾರನ್ನು ಕರೆಯುತ್ತಾನೆ, ಕಟ್ಟೆಯ ಕೆಳಗೆ ಯಾರು ನಿಂತೇ ಇರುತ್ತಾರೆ ಎಂಬುದನ್ನು ನೋಡದೆ ಭಜನೆಯನ್ನು ಹೊಗಳುವುದು ನನಗೆ ಕಷ್ಟ.

ಇನ್ನೊಂದು ಪ್ರಶ್ನೆ ಇದಕ್ಕಿಂತ ಒಳಗಿನದು. ಬರದೆಯೂ ನುಡಿಸುತ್ತೇನೆ ಎಂದು ಹೊರಟವನಿಗೆ, ನುಡಿಸುತ್ತ ನುಡಿಸುತ್ತ ಬಂದುಬಿಡುತ್ತದಲ್ಲ? ಆಮೇಲೇನು? ದಿ ಕ್ಲ್ಯಾಶ್ ತಂಡದ 1977ರ ಮೊದಲ ಆಲ್ಬಮ್ ಒರಟು ಕಲ್ಲಿನ ಗೋಡೆ. ಎರಡೂವರೆ ವರ್ಷದಲ್ಲಿ, 1979ರ ಕೊನೆಗೆ, 'ಲಂಡನ್ ಕಾಲಿಂಗ್' ಬರುವ ಹೊತ್ತಿಗೆ ಅದೇ ಹುಡುಗರ ಕೈಯಲ್ಲಿ ಜಮೈಕಾದ ರೆಗೆ, ಅಮೆರಿಕದ ರಾಕಬಿಲಿ, ಜಾಜ್ ಎಲ್ಲವೂ ಇದ್ದವು. 1980ರ 'ಸ್ಯಾಂಡಿನಿಸ್ಟಾ!' ಮೂರು ತಟ್ಟೆಗಳದ್ದು, 36 ಹಾಡು. ಮೂರು ತಟ್ಟೆಯನ್ನೂ ಒಂದರ ಬೆಲೆಗೆ ಮಾರಬೇಕೆಂದು ಹಟ ಹಿಡಿದು, ಅದಕ್ಕಾಗಿ ತಮ್ಮ ಗೌರವಧನದ ದೊಡ್ಡ ಭಾಗವನ್ನು ಬಿಟ್ಟುಕೊಟ್ಟರು. ಬಾಗಿಲು ತೆರೆದಿಡುವ ಹುಚ್ಚು ಹಾಗೇ ಇತ್ತು. ಆದರೆ ಒಳಗಿನ ಮನೆ ಮಾತ್ರ ಹತ್ತಂಕಣದ್ದಾಗಿ ಬೆಳೆದಿತ್ತು. ಮೂರು ಕಾರ್ಡಿನ ಹುಡುಗನೊಬ್ಬ ಅದನ್ನು ಕೇಳಿ ನಾನೂ ಬಾರಿಸಬಲ್ಲೆ ಎಂದುಕೊಂಡಿರುತ್ತಾನೆಯೇ? ನನಗೆ ಅನುಮಾನವಿದೆ.

ಜಗನ್ನಾಥದಾಸರಿಗೆ ಆದದ್ದೂ ಇದೇ. ಸಂಸ್ಕೃತದ ಗತ್ತು ಬಿಟ್ಟು ಕನ್ನಡಕ್ಕೆ ಬಂದವರು ಬರೆದ 'ಹರಿಕಥಾಮೃತಸಾರ' ಭಾಮಿನಿ ಷಟ್ಪದಿಯಲ್ಲಿದೆ, ಕುಮಾರವ್ಯಾಸನ ಭಾರತದ ಓಟವಿರುವ ಛಂದಸ್ಸು. ಸಂಧಿಯ ಮೇಲೆ ಸಂಧಿಯಾಗಿ ಮಾಧ್ವ ಸಿದ್ಧಾಂತವನ್ನೇ ಇಳಿಸಿಟ್ಟಿದ್ದಾರೆ. ಹಾಡಿದರೆ ಬಾಯಿಗೆ ಹತ್ತುತ್ತದೆ. ಅರ್ಥ ಮಾತ್ರ ಸುಲಭಕ್ಕೆ ಹತ್ತುವುದಿಲ್ಲ. ವ್ಯಾಖ್ಯಾನಗಳ ಮೇಲೆ ವ್ಯಾಖ್ಯಾನಗಳು ಬಂದಿವೆ, ಅದೂ ಸಂಸ್ಕೃತದಲ್ಲಿ ಸೇರಿ. ಪಾಂಡಿತ್ಯದಿಂದ ಓಡಿಬಂದ ಪಂಡಿತರು ಕನ್ನಡದೊಳಗೇ ಇನ್ನೊಂದು ಪಾಂಡಿತ್ಯ ಕಟ್ಟಿದರು. ಇದನ್ನು ಸೋಲು ಎನ್ನಬೇಕೆ? ಒಂದು ಕಾಲಕ್ಕೆ ನನಗೆ ಹಾಗೇ ಅನಿಸುತ್ತಿತ್ತು. ಈಗ ಹಾಗನಿಸುವುದಿಲ್ಲ. ಆಚಾರ್ಯರು ಬಿಡಬೇಕಾಗಿದ್ದದ್ದು ತಾವು ಕಲಿತದ್ದನ್ನಲ್ಲ. ಕಲಿತದ್ದನ್ನು ಹೊಸ್ತಿಲಿಗೆ ಅಡ್ಡ ಹಾಕಿಕೊಂಡು ಮಲಗಿದ್ದನ್ನು. ಪಂಕ್ತಿಯಲ್ಲಿ ಕೂತು ಉಂಡವನು ಆಮೇಲೆ ಎಷ್ಟು ದೊಡ್ಡ ಗ್ರಂಥ ಬರೆದರೂ ಅದರ ಪಲುಕು ಬೇರೆ. ಷಟ್ಪದಿಯ ಲಯ ಗೊತ್ತಿರುವ ಮನೆಯ ಹೆಣ್ಣುಮಕ್ಕಳು ವ್ಯಾಖ್ಯಾನದ ಮುಖ ನೋಡದೆಯೂ ಅದನ್ನು ಪಾರಾಯಣ ಮಾಡುತ್ತಾರೆ. ಅರ್ಥವಾಗದ್ದನ್ನು ಹಾಡುವ ಧೈರ್ಯ ಅವರಿಗಿದೆ. ಹಿಂದ ಅನಕಂತ ಹೋಗು, ತಾನ ಬರತೈತಿ.

ಈಗಿನ ಮೆರವಣಿಗೆಗಳಲ್ಲಿ ಡಿಜೆ ಬಂದಿದೆ. ಸಿಂಧನೂರು ಕಡೆಯಿಂದ ಟ್ರ್ಯಾಕ್ಟರಿನ ಮೇಲೆ ಪೆಟ್ಟಿಗೆ ಪೆಟ್ಟಿಗೆ ಸ್ಪೀಕರು ಹೇರಿಕೊಂಡು ಬಂದರೆ ಎದೆ ನಡುಗುತ್ತದೆ. ಪಂಕಿಗಿಂತ ಜೋರು. ಆದರೆ ಅಷ್ಟು ಸದ್ದಿನಲ್ಲಿ ಒಂದು ಕೈಯೂ ಏನನ್ನೂ ಬಾರಿಸುತ್ತಿಲ್ಲ. ಗದ್ದಲಕ್ಕೆ ನನ್ನ ತಕರಾರಿಲ್ಲ, ಕೈ ಖಾಲಿ ಇರುವುದಕ್ಕೆ ಇದೆ.

ಸ್ಟ್ರಮ್ಮರ್ ಕಟ್ಟಿದ ದಿ ಕ್ಲ್ಯಾಶ್ ಹತ್ತು ವರ್ಷವೂ ನಡೆಯಲಿಲ್ಲ. 1983ರಲ್ಲಿ ಮಿಕ್ ಜೋನ್ಸ್‌ನನ್ನು ತಂಡದಿಂದ ಹೊರಹಾಕಿದರು. ಬೆರಳಿಗೆ ಜಾಣ್ಮೆಯಿದ್ದವನನ್ನು ಕಳಿಸಿಬಿಟ್ಟ ಮೇಲೆ ಉಳಿದದ್ದು ಬರೀ ಹಟ. 1986ರ ಹೊತ್ತಿಗೆ ತಂಡವೇ ಇಲ್ಲ. ಆಮೇಲಿನ ವರ್ಷಗಳಲ್ಲಿ ಅವನು ಅಲ್ಲಿ ಇಲ್ಲಿ ಸಿನಿಮಾದಲ್ಲಿ ನಟಿಸಿದ, ಸಿನಿಮಾಗಳಿಗೆ ಸಂಗೀತ ಮಾಡಿದ. ತನ್ನದೆನ್ನುವ ದೊಡ್ಡ ಕೆಲಸ ಹುಟ್ಟಲಿಲ್ಲ. ಈ ನಡುವೆ 1991ರಲ್ಲಿ ಒಂದು ಜೀನ್ಸ್ ಪ್ಯಾಂಟಿನ ಜಾಹೀರಾತಿಗೆ ಬಳಸಿದ ಅವರ ಹಳೆಯ ಹಾಡು ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. ಇದ್ದಾಗ ಸಿಗದ ಮೊದಲ ಸ್ಥಾನ, ತಂಡ ಸತ್ತು ಐದು ವರ್ಷದ ಮೇಲೆ ಪ್ಯಾಂಟಿನ ಜೊತೆ ಸಿಕ್ಕಿತು. ಅಂಥ ಹೊತ್ತಿನಲ್ಲಿ ಮನುಷ್ಯನಿಗೆ ಏನನಿಸುತ್ತದೋ. ದಾಸರಾಗಿದ್ದರೆ ಇದೆಲ್ಲ ವಿಠಲನ ಆಟ ಎಂದು ಒಂದು ಪದ ಕಟ್ಟಿ ಅಂಕಿತ ಹಾಕುತ್ತಿದ್ದರು. ಅವನಿಗೆ ಆ ಆಸರೆ ಇರಲಿಲ್ಲ. ತಾನೇ ಇಟ್ಟುಕೊಂಡ ಹೆಸರನ್ನು ತಾನೇ ಹೊರಬೇಕಿತ್ತು.

1990ರ ದಶಕದ ಕೊನೆಗೆ ಅವನು ಮತ್ತೆ ಎದ್ದ. ಬಿಬಿಸಿ ವರ್ಲ್ಡ್ ಸರ್ವಿಸ್‌ನಲ್ಲಿ ಕೂತು ಕೊಲಂಬಿಯಾದ್ದು, ಆಫ್ರಿಕಾದ್ದು, ಎಲ್ಲೆಲ್ಲಿಯದೋ ಹಾಡು ಹಾಕುತ್ತ ಹರಟುತ್ತಿದ್ದ. ಬೇರೆಯವರ ಹಾಡನ್ನು ಅಷ್ಟು ಹಿಗ್ಗಿನಿಂದ ಕೇಳಿಸುವ ಹಾಡುಗಾರರು ಕಡಿಮೆ. ಮೆಸ್ಕಲೆರೋಸ್ ಎಂಬ ಹೊಸ ತಂಡ ಕಟ್ಟಿದ, ಊರೂರು ತಿರುಗಿದ. 2002ರ ಡಿಸೆಂಬರ್ 22ರಂದು, 50ನೇ ವಯಸ್ಸಿನಲ್ಲಿ, ಹುಟ್ಟಿನಿಂದಲೇ ಇದ್ದು ಯಾರಿಗೂ ತಿಳಿಯದ ಹೃದಯದ ದೋಷದಿಂದ ತೀರಿಕೊಂಡ.

ಅದಕ್ಕೆ ಐದು ವಾರ ಮೊದಲು, ನವೆಂಬರ್ 15ಕ್ಕೆ, ಪಶ್ಚಿಮ ಲಂಡನ್ನಿನ ಆಕ್ಟನ್ ಪುರಭವನದಲ್ಲಿ ಒಂದು ಕಾರ್ಯಕ್ರಮ. ಸಂಬಳ ಹೆಚ್ಚಿಸಿ ಎಂದು ಹೋರಾಟಕ್ಕಿಳಿದಿದ್ದ ಅಗ್ನಿಶಾಮಕ ದಳದವರ ನಿಧಿಗಾಗಿ. ದೊಡ್ಡ ಸಭಾಂಗಣವಲ್ಲ. ಕೇಳಲು ಬಂದವರಲ್ಲಿ ಮಿಕ್ ಜೋನ್ಸ್ ಇದ್ದ. ಹೊರಹಾಕಿಸಿಕೊಂಡು 19 ವರ್ಷವಾಗಿತ್ತು. ಅವನನ್ನು ಯಾರೂ ವೇದಿಕೆಗೆ ಕರೆದಿರಲಿಲ್ಲ. ಒಂದು ಹಳೆಯ ಹಾಡು ಶುರುವಾದದ್ದೇ ಎದ್ದು, ಜನರ ನಡುವೆ ದಾರಿ ಮಾಡಿಕೊಂಡು ವೇದಿಕೆ ಹತ್ತಿ ಗಿಟಾರ್ ಹೆಗಲಿಗೇರಿಸಿಕೊಂಡ. ಬೆರಳಿನವನು ಬೆರಳಿನ ಕೆಲಸ ಮಾಡಿದ, ತೋಳಿನವನು ಆರೂ ತಂತಿಗೆ ಬೀಸಿದ. ಬೆಂಕಿ ಆರಿಸುವವರ ಸಹಾಯಾರ್ಥವಾಗಿ ಅವರಿಬ್ಬರೂ ಸೇರಿ ಕೊನೆಗೆ ಹಾಡಿದ್ದು 1977ರ ಆ ಒರಟು ಆಲ್ಬಮ್ಮಿನ 'ಲಂಡನ್ಸ್ ಬರ್ನಿಂಗ್'. ಊರಿಗೆ ಬೆಂಕಿ ಬಿದ್ದಿದೆ ಎನ್ನುವ ಹಾಡು. ಆರಿಸಬೇಕಾದವರೇ ನಿಂತು ಕುಣಿದರು.